ಕಲ್ಯಾಣದ ರಾಣಿ, ಕಾಶ್ಮೀರದ ವಿರಹಿ

ಪ್ರೀತಿಯಲ್ಲಿ ಸೋತವರು ಊಟ ಬಿಡುತ್ತಾರೆ, ನಿದ್ದೆ ಬಿಡುತ್ತಾರೆ, ಕೆಲವರು ಗಡ್ಡ ಬಿಡುತ್ತಾರೆ. ಒಂಬತ್ತು ಶತಮಾನಗಳ ಹಿಂದೆ ಕಾಶ್ಮೀರದ ದೊರೆ ಹರ್ಷದೇವ ಬಿಟ್ಟದ್ದು ಪಚ್ಚಕರ್ಪೂರವನ್ನು. ತಾಂಬೂಲದ ಜೊತೆ ಮೆಲ್ಲುವ ಈ ಪರಿಮಳದ್ರವ್ಯ ಅಂದಿನ ಅರಮನೆಗಳ ಸುಖಗಳಲ್ಲಿ ಒಂದು. ಕರ್ಣಾಟದ ರಾಣಿ ಚಂದಲೆ ತನ್ನವಳಾಗುವ ತನಕ ಅದನ್ನು ಬಾಯಿಗೆ ಹಾಕುವುದಿಲ್ಲ ಎಂದು ಆತ ತುಂಬಿದ ಸಭೆಯಲ್ಲಿ ಶಪಥ ಮಾಡಿದ.

ಶಪಥಕ್ಕೆ ತೊಡಕುಗಳು ಮೂರು. ಮೊದಲನೆಯದು, ಚಂದಲೆಗೆ ಆಗಲೇ ಮದುವೆಯಾಗಿತ್ತು. ಆಕೆಯ ಗಂಡ ದಕ್ಷಿಣಾಪಥದ ಬಲಿಷ್ಠ ಚಕ್ರವರ್ತಿ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಎರಡನೆಯದು, ಶ್ರೀನಗರಕ್ಕೂ ಕಲ್ಯಾಣಕ್ಕೂ ನೇರ ಗೆರೆ ಎಳೆದರೂ ಸುಮಾರು 1,800 ಕಿಲೋಮೀಟರ್ ದೂರ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಹರ್ಷ ಆಕೆಯನ್ನು ಕಂಡೇ ಇರಲಿಲ್ಲ. ಕಂಡದ್ದು ಒಂದು ಚಿತ್ರಪಟವನ್ನು ಮಾತ್ರ.

ಇದು ಯಾವುದೋ ಕಂಪೆನಿ ನಾಟಕದ ಕಥೆಯಂತೆ ಕಂಡರೆ ತಪ್ಪಿಲ್ಲ. ಆದರೆ ಇದು ಬರುವುದು ನಾಟಕದಲ್ಲಲ್ಲ, ಇತಿಹಾಸ ಗ್ರಂಥದಲ್ಲಿ. ಕಲ್ಹಣ 1148ರಿಂದ 1150ರ ನಡುವೆ ಬರೆದ ಸಂಸ್ಕೃತ ಕೃತಿ ‘ರಾಜತರಂಗಿಣಿ’ಯ ಏಳನೆಯ ತರಂಗದಲ್ಲಿ ಇದರ ವರದಿ ಇದೆ. ವರದಿ ಎಂಬ ಮಾತು ಇಲ್ಲಿ ಸಲ್ಲುತ್ತದೆ. ಕಲ್ಹಣನ ತಂದೆ ಚಂಪಕ ಹರ್ಷನ ಅಧಿಕಾರಿಯಾಗಿದ್ದವನು. ಚಿಕ್ಕಪ್ಪ ಕನಕ ಹರ್ಷನಿಂದಲೇ ಸಂಗೀತ ಕಲಿತವನು. ಮನೆಯ ಹಿರಿಯರು ಆ ಆಸ್ಥಾನದ ಒಳಹೊರಗನ್ನು ಬಲ್ಲವರಾಗಿದ್ದರು.

ಬಸವಣ್ಣನಿಗೂ ಮೊದಲಿನ ಕಲ್ಯಾಣ

ಇಂದು ಬೀದರ್ ಜಿಲ್ಲೆಯ ಬಸವಕಲ್ಯಾಣ ಎಂದರೆ ನೆನಪಾಗುವುದು ಬಸವಣ್ಣ, ಅನುಭವ ಮಂಟಪ, ಹರಳಯ್ಯ ಮಧುವರಸರ ಮಕ್ಕಳ ಮದುವೆ ಮತ್ತು ಆ ಮದುವೆಯ ಬೆನ್ನಿಗೆ ಎದ್ದ ಕ್ರಾಂತಿ. ಅದು ಹನ್ನೆರಡನೆಯ ಶತಮಾನದ ನಡುಭಾಗದ ಮಾತು. ಅದಕ್ಕೂ ಮುಕ್ಕಾಲು ಶತಮಾನದಷ್ಟು ಹಿಂದೆ ಇದೇ ಊರು ಬೇರೊಂದು ಕಾರಣಕ್ಕೆ ಹೆಸರಾಗಿತ್ತು.

ಹನ್ನೊಂದನೆಯ ಶತಮಾನದ ನಡುವೆ ಚಾಲುಕ್ಯ ಒಂದನೆಯ ಸೋಮೇಶ್ವರ ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ. ಅವನ ಮಗ ವಿಕ್ರಮಾದಿತ್ಯ ಅಣ್ಣ ಎರಡನೆಯ ಸೋಮೇಶ್ವರನನ್ನು ಬದಿಗೆ ಸರಿಸಿ 1076ರಲ್ಲಿ ಪಟ್ಟಕ್ಕೆ ಬಂದ. ಶಕವರ್ಷದ ಬದಲು ತನ್ನದೇ ಹೆಸರಿನ ವಿಕ್ರಮವರ್ಷವನ್ನು ಆರಂಭಿಸಿದ. ಐವತ್ತು ವರ್ಷ, ಅಂದರೆ 1126ರವರೆಗೆ ಆಳಿದ. ಕೊಪ್ಪಳ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದವನು ಇವನ ದಂಡನಾಯಕ. ಹಿಂದೂ ಕುಟುಂಬದ ಆಸ್ತಿಹಕ್ಕಿನ ವಿಚಾರದಲ್ಲಿ ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಆಧಾರವಾಗಿ ಹಿಡಿದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಇವನ ಆಳಿಕೆಯಲ್ಲಿ. ಕಲ್ಯಾಣದಂಥ ಊರು ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಬರಲಾರದು ಎಂಬರ್ಥದ ಹೊಗಳಿಕೆಯೊಂದಿಗೆ ಆ ಶಾಸ್ತ್ರಗ್ರಂಥ ಮುಗಿಯುತ್ತದೆ.

ಈ ಹೆಸರು ಹಿಮಾಲಯದ ಬುಡದವರೆಗೂ ಹಬ್ಬಿತ್ತು. 1089ರಲ್ಲಿ ಕಾಶ್ಮೀರದ ಸಿಂಹಾಸನ ಏರಿದ ಹರ್ಷನಿಗೆ ದಕ್ಷಿಣದ ಶೈಲಿ ಎಂದರೆ ಹುಚ್ಚು. ಅವನ ಸಭೆಯಲ್ಲಿ ತಾಳೆಗರಿಯ ಅಲಂಕಾರ, ಅಗಲವಾದ ಗಂಧದ ಬೊಟ್ಟು, ಸೊಂಟದಲ್ಲಿ ಉದ್ದನೆಯ ಕಠಾರಿ ಕಾಣತೊಡಗಿದವು. ಕರ್ಣಾಟದ ಮಾದರಿಯ ನಾಣ್ಯವನ್ನೂ ಆತ ಚಲಾವಣೆಗೆ ತಂದ ಎಂದು ಕಲ್ಹಣ ಹೇಳುತ್ತಾನೆ. ಆನೆಯ ಚಿತ್ರವಿರುವ ಹರ್ಷದೇವನ ನಾಣ್ಯಗಳು ಸಿಕ್ಕಿಯೂ ಇವೆ. ಈಗಿನವರು ಮುಂಬಯಿಯ ಸಿನಿಮಾ ನೋಡಿ ಬಟ್ಟೆ ಹೊಲಿಸಿಕೊಂಡಂತೆ ಅಂದು ಕಾಶ್ಮೀರದ ಅರಮನೆ ಕಲ್ಯಾಣದ ಕಡೆ ನೋಡುತ್ತಿತ್ತು. ಉಡುಪು ಬಂತು, ನಾಣ್ಯ ಬಂತು. ಕೊನೆಗೆ ರಾಣಿಯ ಚಿತ್ರವೂ ಬಂತು.

ಪಟಕ್ಕೊಬ್ಬ ಅಧಿಕಾರಿ

ಚಿತ್ರ ಕಂಡ ಕೂಡಲೇ ಹರ್ಷ ಮನ್ಮಥನ ಬಾಣಕ್ಕೆ ಬಲಿಯಾದ. ಅಷ್ಟಕ್ಕೇ ನಿಂತಿದ್ದರೆ ಅದು ಒಬ್ಬ ರಾಜನ ಒಂದು ಸಂಜೆಯ ಕನಸಾಗಿ ಕಳೆದುಹೋಗುತ್ತಿತ್ತು. ಆದರೆ ಸುತ್ತ ಹೊಗಳುಭಟರಿದ್ದರು. ಅವರ ಕುಮ್ಮಕ್ಕಿನಿಂದ ಹರ್ಷ, ಕರ್ಣಾಟದ ಪೆರ್ಮಾಡಿಯನ್ನು ಸೋಲಿಸಿ ಚಂದಲೆಯನ್ನು ತರುತ್ತೇನೆಂದು ಘೋಷಿಸಿದ. ಪೆರ್ಮಾಡಿ ಎಂಬುದು ವಿಕ್ರಮಾದಿತ್ಯನ ಇನ್ನೊಂದು ಹೆಸರು. ಕರ್ಪೂರದ ವ್ರತ ಈ ಘೋಷಣೆಯ ಜೊತೆಗೇ ಬಂತು. ವಂದಿಮಾಗಧರು ಈ ತ್ಯಾಗವನ್ನು ಹಾಡಿ ಹೊಗಳಿದರು. ಹೊಗಳಿಕೆಯ ಮೇಲುಹೊದಿಕೆಯ ಅಡಿಯಲ್ಲಿ ಇದ್ದದ್ದು ಗೇಲಿ. ಅದು ಹರ್ಷನಿಗೆ ತಿಳಿಯಲಿಲ್ಲ.

ಮುಂದಿನದು ಇನ್ನೂ ಸ್ವಾರಸ್ಯ. ಸೇನಾಪತಿ ಮದನ ಎಂಬವನು ಆ ಚಿತ್ರಪಟದ ಅಂತಃಪುರಾಧಿಕಾರಿಯ ಹುದ್ದೆಯನ್ನು ವಹಿಸಿಕೊಂಡ. ರಾಣಿ ಎಂದ ಮೇಲೆ ಅವಳಿಗೆ ಬಟ್ಟೆಬರೆ ಬೇಡವೆ, ಒಡವೆ ಬೇಡವೆ? ಅದಕ್ಕೆಂದು ಖಜಾನೆಯಿಂದ ಹಣ ಪಡೆದ. ಅದು ಸಾಲದೆಂದು ಅಸೂಯೆಯ ಬಾಬ್ತಿನಲ್ಲೂ ಹಣ ಪಡೆದ. ಕಾವ್ಯಗಳಲ್ಲಿ ಸವತಿಯರ ಮೇಲೆ ಮುನಿದ ನಾಯಕಿಯನ್ನು ಉಡುಗೊರೆ ಕೊಟ್ಟು ಸಮಾಧಾನ ಮಾಡುವುದು ವಾಡಿಕೆ. ಇಲ್ಲಿ ಮುನಿದದ್ದು ಬಟ್ಟೆಯ ಮೇಲಿನ ಬಣ್ಣ. ಉಡುಗೊರೆ ಸೇರಿದ್ದು ಸೇನಾಪತಿಯ ಮನೆ.

ಹರ್ಷ ದಡ್ಡನೇನಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಹಲವು ಭಾಷೆಗಳನ್ನು ಬಲ್ಲವನು, ಸ್ವತಃ ಕವಿ, ಸಂಗೀತದಲ್ಲಿ ಪಾರಂಗತ ಎಂದು ಕಲ್ಹಣನೇ ಕೊಂಡಾಡಿದ್ದಾನೆ. ಪಟ್ಟಕ್ಕೆ ಬಂದ ಹೊಸದರಲ್ಲಿ ಮಂತ್ರಿಗಳು ಚೆನ್ನಾಗಿ ಉಡುಪು ಧರಿಸಿ ಬಂದರೆ ಹೊಟ್ಟೆಕಿಚ್ಚಿಲ್ಲದೆ ತನ್ನ ದಾಸಿಯರಿಂದಲೇ ಅವರಿಗೆ ಆರತಿ ಎತ್ತಿಸುತ್ತಿದ್ದ ಉದಾರಿ ಅವನು. ಅಂಥವನು ಪಟವೊಂದಕ್ಕೆ ಸೀರೆ ಕೊಡಿಸುವ ಸ್ಥಿತಿಗೆ ಬಂದದ್ದು ಹೇಗೆ? ಇದಕ್ಕೆ ಉತ್ತರ ಅವನು ಓದಿದ, ನೋಡಿದ ನಾಟಕಗಳಲ್ಲೇ ಸಿಗುತ್ತದೆ.

ನಾಟಕದಲ್ಲಿ ಗೆಲ್ಲುವ ಪಟ

ಸಂಸ್ಕೃತ ನಾಟಕಶಾಸ್ತ್ರದಲ್ಲಿ ‘ನಾಟಿಕೆ’ ಎಂಬ ಒಂದು ಪ್ರಕಾರವಿದೆ. ನಾಲ್ಕು ಅಂಕಗಳ ಲಘು ಪ್ರಣಯ ಪ್ರಸಂಗ ಅದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಪ್ರೇಮದ ಹಾಸ್ಯಚಿತ್ರ. ಅದರ ಎರಕ ಹೆಚ್ಚುಕಡಿಮೆ ಒಂದೇ. ಮದುವೆಯಾದ ರಾಜನೊಬ್ಬ ಹೊಸ ಹುಡುಗಿಯೊಬ್ಬಳನ್ನು ಕನಸಿನಲ್ಲೋ ಚಿತ್ರದಲ್ಲೋ ಕಂಡು ಸೋಲುತ್ತಾನೆ. ಪಟ್ಟದರಸಿ ಕಾವಲು ಹಾಕುತ್ತಾಳೆ. ವಿದೂಷಕ ಎಡವಟ್ಟು ಮಾಡುತ್ತಾನೆ. ಮಂತ್ರಿ ತೆರೆಮರೆಯಲ್ಲಿ ಸೂತ್ರ ಎಳೆಯುತ್ತಾನೆ. ಕೊನೆಗೆ ಹುಡುಗಿ ದೊಡ್ಡ ಮನೆತನದ ರಾಜಕುಮಾರಿ ಎಂದು ಗೊತ್ತಾಗಿ ಪಟ್ಟದರಸಿಯೇ ಮುಂದೆ ನಿಂತು ಮದುವೆ ಮಾಡಿಸುತ್ತಾಳೆ.

ಏಳನೆಯ ಶತಮಾನದಲ್ಲಿ ಕನೌಜಿನಲ್ಲಿ ಆಳಿದ ಹರ್ಷವರ್ಧನನ ‘ರತ್ನಾವಳಿ’ ಈ ಪ್ರಕಾರದ ಮಾದರಿ ಕೃತಿ. ಅವನಿಗೂ ಕಾಶ್ಮೀರದ ಹರ್ಷನಿಗೂ ಹೆಸರೊಂದೇ, ನಡುವೆ ನಾಲ್ಕು ಶತಮಾನಗಳ ಅಂತರ. ‘ರತ್ನಾವಳಿ’ಯಲ್ಲಿ ನಾಯಕಿ ರಾಜನ ಚಿತ್ರ ಬರೆಯುತ್ತಾಳೆ, ಗೆಳತಿ ಪಕ್ಕದಲ್ಲಿ ನಾಯಕಿಯ ಚಿತ್ರ ಬರೆಯುತ್ತಾಳೆ, ಆ ಫಲಕ ರಾಜನ ಕೈ ಸೇರುತ್ತದೆ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲೂ ರಾಜ ಮೊದಲು ನೋಡುವುದು ಮಾಲವಿಕೆಯ ಚಿತ್ರವನ್ನೇ. ಕನ್ನಡಕ್ಕೂ ಈ ಎರಕ ಹೊಸದಲ್ಲ. ಹನ್ನೆರಡನೆಯ ಶತಮಾನದ ನೇಮಿಚಂದ್ರನ ‘ಲೀಲಾವತಿ ಪ್ರಬಂಧಂ’ನಲ್ಲಿ ನಾಯಕ ನಾಯಕಿಯರು ಪರಸ್ಪರರನ್ನು ಕನಸಿನಲ್ಲಿ ಕಂಡು ಹುಡುಕಿ ಹೊರಡುತ್ತಾರೆ. ಈಗ ಉಪಲಬ್ಧವಿರುವ ಕನ್ನಡದ ಮೊದಲ ನಾಟಕ, ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’, ‘ರತ್ನಾವಳಿ’ಯ ರೂಪಾಂತರವೇ. ಎಂದರೆ ಕನ್ನಡ ರಂಗಭೂಮಿಯ ಉಳಿದ ಲಿಖಿತ ಚರಿತ್ರೆ ಆರಂಭವಾಗುವುದೇ ಇಂಥದೊಂದು ಪ್ರೇಮಹಾಸ್ಯದಿಂದ.

ಈ ಎಲ್ಲ ಕಥೆಗಳಲ್ಲೂ ಚಿತ್ರ ಕಂಡವನು ಗೆಲ್ಲುತ್ತಾನೆ. ಚಿತ್ರ ಅಲ್ಲಿ ಶುಭಶಕುನ. ಅಂಥ ನಾಟಕಗಳ ರುಚಿ ಹತ್ತಿದ ರಾಜನೊಬ್ಬ, ಚಿತ್ರ ಕೈಗೆ ಬಂತು, ಇನ್ನು ನಾಯಕಿ ಬರುವುದೊಂದೇ ಬಾಕಿ ಎಂದುಕೊಂಡರೆ ಆಶ್ಚರ್ಯವಿಲ್ಲ. ಹರ್ಷನ ತಪ್ಪು ಇಷ್ಟೆ. ನಾಟಿಕೆಯ ನಾಯಕಿ ಅದೇ ಅರಮನೆಯ ತೋಟದಲ್ಲಿ ಇರುತ್ತಾಳೆ. ಚಂದಲೆ ಇದ್ದದ್ದು ನರ್ಮದೆಯ ಆಚೆ, ಇನ್ನೊಬ್ಬ ನಾಯಕನ ಕಥೆಯಲ್ಲಿ.

ಕರಾಡದ ಸ್ವಯಂವರ

ಆ ಇನ್ನೊಂದು ಕಥೆಯನ್ನು ಬರೆದವನೂ ಕಾಶ್ಮೀರದವನೇ ಎಂಬುದು ಈ ಪ್ರಸಂಗದ ದೊಡ್ಡ ತಮಾಷೆ. ಅವನ ಹೆಸರು ಬಿಲ್ಹಣ. ಶ್ರೀನಗರದ ಹತ್ತಿರದ ಖೋನಮುಖ ಅವನ ಊರು. ಕೇಸರಿ ಮತ್ತು ದ್ರಾಕ್ಷಿ ಬೆಳೆಯುವ ಆ ಹಳ್ಳಿಯನ್ನು ಬಿಟ್ಟು ಹೊರಟವನು ಮಥುರೆ, ಕನೌಜು, ಪ್ರಯಾಗ, ಕಾಶಿ ಸುತ್ತಿದ. ಚೇದಿಯ ಕರ್ಣನ ಆಸ್ಥಾನದಲ್ಲಿದ್ದ. ಗುಜರಾತಿಗೆ ಹೋದ. ಅಲ್ಲಿನ ಜನ ಹಿಡಿಸಲಿಲ್ಲ. ಕಡಲ ದಾರಿ ಹಿಡಿದು ದಕ್ಷಿಣಕ್ಕೆ ಬಂದು ಸೇತುವಿನವರೆಗೂ ಹೋಗಿ ಕೊನೆಗೆ ನೆಲೆ ಕಂಡದ್ದು ಕಲ್ಯಾಣದಲ್ಲಿ. ವಿಕ್ರಮಾದಿತ್ಯ ಅವನಿಗೆ ‘ವಿದ್ಯಾಪತಿ’ ಪದವಿ, ಆನೆ, ನೀಲಿಯ ಛತ್ರಿ ಕೊಟ್ಟ. ಬಿಲ್ಹಣ ಪ್ರತಿಯಾಗಿ ‘ವಿಕ್ರಮಾಂಕದೇವಚರಿತ’ ಎಂಬ ಹದಿನೆಂಟು ಸರ್ಗಗಳ ಕಾವ್ಯ ಕೊಟ್ಟ.

ಈ ಕಾವ್ಯದ ನಾಯಕಿ ಚಂದ್ರಲೇಖೆ. ಕರಾಡದ ಶಿಲಾಹಾರ ಮನೆತನದ ರಾಜಕುಮಾರಿ. ಕರಾಡ ಈಗ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿದೆ. ಈ ಚಂದ್ರಲೇಖೆಯೇ ಕಲ್ಹಣನ ಚಂದಲೆ, ಶಾಸನಗಳ ಚಂದಲದೇವಿ. ವಸಂತದಲ್ಲಿ ವಿಕ್ರಮಾದಿತ್ಯ ಅವಳ ವಿಷಯ ಕೇಳುತ್ತಾನೆ, ದೂತನನ್ನು ಕಳಿಸುತ್ತಾನೆ. ಎಂಟನೆಯ ಸರ್ಗವಿಡೀ ಅವಳ ಅಡಿಯಿಂದ ಮುಡಿಯವರೆಗಿನ ವರ್ಣನೆ. ಒಂಬತ್ತನೆಯದು ಸ್ವಯಂವರ.

ಪ್ರೇಮದಲ್ಲಿ ಅದೃಷ್ಟ ಕೆಟ್ಟವರ ಮೆರವಣಿಗೆಯನ್ನು ನೋಡಬೇಕಾದರೆ ಈ ಸರ್ಗವನ್ನು ಓದಬೇಕು. ಅಯೋಧ್ಯೆ, ಚೇದಿ, ಕನ್ಯಾಕುಬ್ಜ, ಮಾಳವ, ಗುರ್ಜರ, ಪಾಂಡ್ಯ, ಚೋಳ ದೇಶದ ಅರಸರು ಸಾಲಾಗಿ ಕೂತಿದ್ದಾರೆ. ಹುಡುಗಿ ಬಂದಳೆಂದರೆ ಒಬ್ಬೊಬ್ಬನದೂ ಒಂದೊಂದು ಚೇಷ್ಟೆ. ಪ್ರತೀಹಾರಿ ಒಬ್ಬೊಬ್ಬರ ಕುಲ, ಕೀರ್ತಿ, ಕೈದುವಿನ ಬಿರುಸು ವಿವರಿಸುತ್ತಾಳೆ. ಚಂದ್ರಲೇಖೆ ಬಾಯಿ ಬಿಟ್ಟು ಬೇಡವೆನ್ನುವುದಿಲ್ಲ. ಒಂದು ಸನ್ನೆಯಲ್ಲೇ ತನ್ನ ಅಸಮ್ಮತಿ ತಿಳಿಸಿ ಮುಂದೆ ಸಾಗುತ್ತಾಳೆ. ಕೊನೆಗೆ ಮಾಲೆ ಬೀಳುವುದು ವಿಕ್ರಮಾದಿತ್ಯನ ಕೊರಳಿಗೆ.

ಕಾಳಿದಾಸನ ‘ರಘುವಂಶ’ದ ಇಂದುಮತಿಯ ಸ್ವಯಂವರ ಬಿಲ್ಹಣನ ಮುಂದಿತ್ತು ಎಂಬುದು ಸ್ಪಷ್ಟ. ಚಾಲುಕ್ಯರಿಗೆ ತಲೆಮಾರುಗಳ ಹಗೆಯಾಗಿದ್ದ ಚೋಳರು ಕರಾಡದ ಅಂಗಳದಲ್ಲಿ ಸರದಿಗಾಗಿ ಕಾದು ಕೂತರೆಂಬುದನ್ನು ಇತಿಹಾಸವೆಂದು ನಂಬುವುದು ಕಷ್ಟ. ಸಾಮಂತ ಮನೆತನವೊಂದರ ಜೊತೆ ಬೆಳೆಸಿದ ರಾಜಕೀಯ ಸಂಬಂಧಕ್ಕೆ ಕವಿ ಹೂಮಾಲೆ ತೊಡಿಸಿದ್ದಾನೆ. ವಿಕ್ರಮಾದಿತ್ಯನಿಗೆ ಚೋಳ ವೀರರಾಜೇಂದ್ರನ ಮಗಳೂ ಸೇರಿ ಹಲವು ರಾಣಿಯರಿದ್ದರು. ಪ್ರತಿ ಮದುವೆಯ ಹಿಂದೆಯೂ ಒಂದು ಗಡಿಯ ಲೆಕ್ಕಾಚಾರವಿತ್ತು.

ಆದರೂ ಕಾವ್ಯದ ಈ ಕಲ್ಪನೆಯಲ್ಲಿ ಒಂದು ವಿಷಯ ಗಮನಾರ್ಹ. ಇಲ್ಲಿ ಹುಡುಗಿಗೆ ಬೇಡ ಎನ್ನುವ ಅವಕಾಶವಿದೆ. ಬೇಡವೆನಿಸಿಕೊಂಡವರು ಎದ್ದು ಮನೆಗೆ ಹೋಗುತ್ತಾರೆ. ಕಾಶ್ಮೀರದ ಅರಮನೆಯಲ್ಲಿದ್ದ ಪಟಕ್ಕೆ ಆ ಅವಕಾಶವೂ ಇರಲಿಲ್ಲ. ಅದು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅದರ ಪರವಾಗಿ ಮಾತಾಡಲು ಸಂಬಳದ ಅಧಿಕಾರಿಯೊಬ್ಬನಿದ್ದ.

ಕವಿಯ ಅದೃಷ್ಟ, ಕವಿಯ ದಂತಕಥೆ

ಬಿಲ್ಹಣನೂ ಈ ಹಾಸ್ಯದಿಂದ ಪಾರಾಗಲಿಲ್ಲ. ಗುಜರಾತಿನಲ್ಲಿದ್ದಾಗ ಅಲ್ಲಿನ ಚೌಲುಕ್ಯ ದೊರೆ ಕರ್ಣನ ಹೊಗಳಿಕೆಗಾಗಿ ‘ಕರ್ಣಸುಂದರೀ’ ಎಂಬ ನಾಟಿಕೆಯನ್ನು ಅವನೇ ಬರೆದಿದ್ದ. ಅದರಲ್ಲೂ ರಾಜ ನಾಯಕಿಯನ್ನು ಮೊದಲು ಕನಸಿನಲ್ಲಿ, ಆಮೇಲೆ ಚಿತ್ರದಲ್ಲಿ ಕಾಣುತ್ತಾನೆ. ಸಿಟ್ಟಾದ ರಾಣಿ ಒಮ್ಮೆ ನಾಯಕಿಯ ವೇಷ ಹಾಕಿಕೊಂಡು ತಾನೇ ಸಂಕೇತ ಸ್ಥಳಕ್ಕೆ ಬರುತ್ತಾಳೆ. ಇನ್ನೊಮ್ಮೆ ಹುಡುಗನೊಬ್ಬನಿಗೆ ಹೆಣ್ಣಿನ ವೇಷ ಹಾಕಿಸಿ ರಾಜನಿಗೆ ಮದುವೆ ಮಾಡಲು ಹೊರಡುತ್ತಾಳೆ. ಮಂತ್ರಿ ಕೊನೆಯ ಗಳಿಗೆಯಲ್ಲಿ ಹುಡುಗನ ಜಾಗದಲ್ಲಿ ನಿಜವಾದ ನಾಯಕಿಯನ್ನು ತಂದು ನಿಲ್ಲಿಸುತ್ತಾನೆ. ನಗೆನಾಟಕ ಕಟ್ಟುವ ಕೈ ಬಿಲ್ಹಣನಿಗೆ ಚೆನ್ನಾಗಿಯೇ ಒಲಿದಿತ್ತು.

ಮುಂದೆ ಜನ ಅವನನ್ನೇ ಅಂಥ ಕಥೆಯ ನಾಯಕನನ್ನಾಗಿ ಮಾಡಿದರು. ‘ಚೌರಪಂಚಾಶಿಕಾ’ ಎಂಬ ಐವತ್ತು ಶೃಂಗಾರ ಪದ್ಯಗಳು ಅವನ ಹೆಸರಿನಲ್ಲಿವೆ. ಅದಕ್ಕೆ ಅಂಟಿಕೊಂಡ ದಂತಕಥೆ ಹೀಗಿದೆ. ಬಿಲ್ಹಣ ರಾಜಕುಮಾರಿಯೊಬ್ಬಳಿಗೆ ಪಾಠ ಹೇಳಲು ಬಂದ. ಇಬ್ಬರ ನಡುವೆ ಪರದೆ. ಗುರು ಕುರುಡ ಎಂದು ಅವಳಿಗೆ ಹೇಳಿದ್ದರು, ಶಿಷ್ಯೆಗೆ ಕುಷ್ಠ ಎಂದು ಅವನಿಗೆ ಹೇಳಿದ್ದರು. ಹುಣ್ಣಿಮೆಯ ರಾತ್ರಿ ಬಿಲ್ಹಣ ಚಂದ್ರನನ್ನು ಬಣ್ಣಿಸತೊಡಗಿದ. ಕುರುಡನಿಗೆ ಚಂದ್ರ ಕಾಣುವುದು ಹೇಗೆಂದು ಅವಳು ಪರದೆ ಸರಿಸಿದಳು. ಮುಂದಿನದು ಊಹಿಸಬಹುದಾದದ್ದೇ. ಗುಟ್ಟು ರಟ್ಟಾಗಿ ಮರಣದಂಡನೆಯಾಯಿತು. ವಧಾಸ್ಥಾನದತ್ತ ನಡೆಯುತ್ತ ಅವನು ಹೇಳಿದ ಐವತ್ತು ಪದ್ಯಗಳಿಗೆ ರಾಜ ಕರಗಿ ಮಗಳನ್ನೇ ಕೊಟ್ಟ.

ಕೆಲವು ಪಾಠಗಳಲ್ಲಿ ರಾಜನ ಹೆಸರು ಒಂದು, ಇನ್ನು ಕೆಲವದರಲ್ಲಿ ಇನ್ನೊಂದು. ಬಿಲ್ಹಣ ತನ್ನ ಕಾವ್ಯದ ಕೊನೆಯ ಸರ್ಗದಲ್ಲಿ ಊರು, ಮನೆತನ, ಪ್ರವಾಸಗಳನ್ನೆಲ್ಲ ವಿವರವಾಗಿ ಬರೆದುಕೊಂಡಿದ್ದಾನೆ. ಅಲ್ಲಿ ರಾಜಕುಮಾರಿಯೂ ಇಲ್ಲ, ಮರಣದಂಡನೆಯೂ ಇಲ್ಲ. ಜರ್ಮನ್ ವಿದ್ವಾಂಸ ಬ್ಯೂಲರ್ 1874ರಲ್ಲಿ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಈ ಕಾವ್ಯದ ತಾಳೆಗರಿ ಪ್ರತಿಯನ್ನು ಕಂಡು, ಸಂಗಾತಿ ಯಾಕೋಬಿಯ ಜೊತೆ ಕೂತು ನಕಲು ಮಾಡಿ, ಮರುವರ್ಷ ಪ್ರಕಟಿಸಿದ. ಆಗ ದಂತಕಥೆಯ ಬಣ್ಣ ಇಳಿಯಿತು.

ಬಿಲ್ಹಣನ ನಿಜವಾದ ವಿರಹ ಬೇರೆಯದೇ. ಕಲ್ಯಾಣದಲ್ಲಿ ಛತ್ರಿ ಹಿಡಿಸಿಕೊಂಡು ಆನೆಯ ಮೇಲೆ ಸಾಗುತ್ತಿದ್ದ ಕವಿಗೆ ಊರಿನಿಂದ ಸುದ್ದಿ ಬಂತಂತೆ. ಕಾಶ್ಮೀರದಲ್ಲಿ ಈಗ ಹರ್ಷ ಆಳುತ್ತಿದ್ದಾನೆ, ಕವಿಗಳನ್ನು ಬಂಧುಗಳಂತೆ ಕಾಣುತ್ತಾನೆ ಎಂದು. ಆಗ ಬಿಲ್ಹಣನಿಗೆ ತನ್ನ ವೈಭವವೆಲ್ಲ ಮೋಸವೆನಿಸಿತು ಎಂದು ಕಲ್ಹಣ ಬರೆಯುತ್ತಾನೆ. ಇಲ್ಲಿನ ವಿಪರ್ಯಾಸ ನೋಡಿ. ಕಲ್ಯಾಣದಲ್ಲಿ ಕೂತ ಕಾಶ್ಮೀರದ ಕವಿ ಹರ್ಷನ ಆಸ್ಥಾನಕ್ಕೆ ಹಂಬಲಿಸುತ್ತಾನೆ. ಕಾಶ್ಮೀರದಲ್ಲಿ ಕೂತ ಹರ್ಷ ಕಲ್ಯಾಣದ ಅಂತಃಪುರಕ್ಕೆ ಹಂಬಲಿಸುತ್ತಾನೆ. ದೂರದ ಬೆಟ್ಟ ಇಬ್ಬರಿಗೂ ನುಣ್ಣಗೆ ಕಂಡಿತ್ತು.

ವಿದೂಷಕನಿಲ್ಲದ ಆಸ್ಥಾನ

ನಾಟಿಕೆಯಲ್ಲಿ ರಾಜ ಎಷ್ಟೇ ಹುಚ್ಚಾಟವಾಡಿದರೂ ಅಪಾಯವಾಗದಿರಲು ಕಾರಣ ಪಕ್ಕದಲ್ಲಿರುವ ವಿದೂಷಕ. ಅವನು ಹೊಟ್ಟೆಬಾಕ, ಪುಕ್ಕಲ. ಆದರೆ ರಾಜನನ್ನು ಮುಖದ ಮೇಲೆ ಗೇಲಿ ಮಾಡುವ ಹಕ್ಕು ಅವನೊಬ್ಬನಿಗಿದೆ. ‘ನಿನ್ನ ತಲೆ ಕೆಟ್ಟಿದೆ’ ಎಂದು ಹೇಳಬಲ್ಲ ಒಬ್ಬ ಗೆಳೆಯನಿದ್ದಾಗ ಪ್ರೇಮದ ಸೋಲು ನಗೆಯಲ್ಲೇ ಮುಗಿಯುತ್ತದೆ.

ಹರ್ಷನ ಸಭೆಯಲ್ಲಿ ಎಲ್ಲರೂ ನಗುತ್ತಿದ್ದರು, ಆದರೆ ಬೆನ್ನ ಹಿಂದೆ. ಎದುರಿಗೆ ಎಲ್ಲರದೂ ಹೊಗಳಿಕೆ. ಚಂದಲೆಯ ಪಟದಿಂದ ಹಣ ಹುಟ್ಟುತ್ತದೆಂದು ತಿಳಿದ ಮೇಲೆ ಬೇರೆಯವರೂ ಅದೇ ದಾರಿ ಹಿಡಿದರು. ಕೆಲವರು ದಾಸಿಯರನ್ನು ಕರೆತಂದು ಇವರು ದೇವತೆಗಳು ಎಂದರು. ಹರ್ಷ ಅಡ್ಡಬಿದ್ದು ಹಣ ಕೊಟ್ಟ. ನೂರಾರು ವರ್ಷ ಬದುಕಿಸುವ ರಸಾಯನವಿದೆ ಎಂದವರಿಗೂ ಕೊಟ್ಟ. ಕೊಡುವ ಕೈಗೆ ಲೆಕ್ಕವಿರಲಿಲ್ಲ, ಖಜಾನೆಗೆ ಮಾತ್ರ ತಳವಿತ್ತು.

ತಳ ಕಂಡ ಖಜಾನೆಯನ್ನು ತುಂಬಿದವರು ಯಾರು? ಇಲ್ಲಿಗೆ ಹಾಸ್ಯ ಮುಗಿಯುತ್ತದೆ. ಹರ್ಷ ಹೊಸ ಹೊಸ ತೆರಿಗೆ ಹಾಕಿದ. ಮಲದ ಮೇಲೂ ತೆರಿಗೆ ಬಿತ್ತು. ಲೋಹಕ್ಕಾಗಿ ದೇವಾಲಯಗಳ ವಿಗ್ರಹಗಳನ್ನು ಕೀಳಿಸಿದ. ಆ ಕೆಲಸಕ್ಕೆ ‘ದೇವೋತ್ಪಾಟನ ನಾಯಕ’ ಎಂಬ ಹುದ್ದೆಯನ್ನೇ ಸೃಷ್ಟಿಸಿ ಉದಯರಾಜ ಎಂಬವನನ್ನು ನೇಮಿಸಿದ. ಪಟಕ್ಕೆ ಒಬ್ಬ ಅಧಿಕಾರಿ, ದೇವರನ್ನು ಕೀಳಲು ಒಬ್ಬ ಅಧಿಕಾರಿ. ಒಂದು ಹುದ್ದೆಯನ್ನು ಓದಿ ನಕ್ಕವರು ಇನ್ನೊಂದನ್ನು ಓದಿ ನಗುವುದು ಕಷ್ಟ.

ಕರ್ಣಾಟವನ್ನು ಗೆಲ್ಲುವ ಶಪಥ ಮಾಡಿದ ಸೈನ್ಯದ ಗತಿಯನ್ನೂ ಕಲ್ಹಣ ದಾಖಲಿಸಿದ್ದಾನೆ. ಕಾಶ್ಮೀರದ ಗಡಿಯಲ್ಲೇ ಇದ್ದ, ದರದರ ನಾಡಿನ ದುಗ್ಧಘಾತ ಎಂಬ ಒಂದು ಕೋಟೆಯನ್ನು ಹಿಡಿಯಲು ಅದರಿಂದ ಆಗಲಿಲ್ಲ. ಮಳೆ ಹಿಡಿದುಕೊಂಡಿತು, ಮುತ್ತಿಗೆ ಮುರಿಯಿತು, ದಂಡು ಓಡಿತು. ಆ ಓಟದಲ್ಲಿ ಹಿಂದೆ ನಿಂತು ಮಾನ ಉಳಿಸಿದವರು ಮಲ್ಲನ ಮಕ್ಕಳಾದ ಉಚ್ಚಲ ಮತ್ತು ಸುಸ್ಸಲ. ಮುಂದೆ ಹರ್ಷನ ವಿರುದ್ಧ ಬಂಡೆದ್ದವರೂ ಅವರೇ. 1101ರಲ್ಲಿ ಅರಮನೆಗೆ ಬೆಂಕಿ ಬಿತ್ತು. ಓಡಿಹೋಗಿ ಭಿಕ್ಷುವೊಬ್ಬನ ಗುಡಿಸಲಲ್ಲಿ ಅಡಗಿದ್ದ ಹರ್ಷನನ್ನು ಹುಡುಕಿ ಕೊಂದರು. ಕಲ್ಯಾಣದಲ್ಲಿ ವಿಕ್ರಮಾದಿತ್ಯ ಇನ್ನೂ 25 ವರ್ಷ ಆಳಿದ.

ಕಲ್ಹಣನ ಹಾಸ್ಯದ ಉದ್ದೇಶ ಇಲ್ಲಿ ತಿಳಿಯುತ್ತದೆ. ಒಬ್ಬ ರಾಜ ದೂರದ ಚೆಲುವೆಗೆ ಮನಸೋತದ್ದನ್ನು ಅವನು ಅಪರಾಧವೆಂದು ಎಣಿಸಿದಂತಿಲ್ಲ. ಮನಸೋತವನ ಸುತ್ತ ಸತ್ಯ ಹೇಳುವ ಒಬ್ಬನೂ ಉಳಿಯದಿದ್ದದ್ದು ಅವನ ಕಣ್ಣು ಚುಚ್ಚಿದ ಸಂಗತಿ. ಪ್ರೇಮದಲ್ಲಿ ದುರದೃಷ್ಟ ಎಂದು ಕರೆಯುವುದರಲ್ಲಿ ಎಷ್ಟೋ ಪಾಲು ಇಂಥದ್ದೇ. ಹುಡುಗಿಗೆ ವಿಷಯವೇ ಗೊತ್ತಿರುವುದಿಲ್ಲ, ಗೆಳೆಯರು ಮಾತ್ರ ‘ಆಗಿಯೇ ಹೋಯಿತು’ ಎನ್ನುತ್ತ ಕಾಫಿ ಕುಡಿದಿರುತ್ತಾರೆ. ಅವರಲ್ಲಿ ಒಬ್ಬನಾದರೂ ಬುದ್ಧಿ ಹೇಳಿದರೆ ಕಥೆ ಅಲ್ಲಿಗೇ ನಿಲ್ಲುತ್ತದೆ.

ಜಲಸಂಗಿಯ ಬರೆಯುವ ಹೆಣ್ಣು

ಇಷ್ಟೆಲ್ಲ ಗದ್ದಲದ ನಡುವೆ ಚಂದಲದೇವಿ ಏನು ಮಾಡುತ್ತಿದ್ದಳು? ಒಬ್ಬ ಕಾಶ್ಮೀರಿ ಅವಳನ್ನು ಸರ್ಗಗಟ್ಟಲೆ ವರ್ಣಿಸಿದ. ಇನ್ನೊಬ್ಬ ಕಾಶ್ಮೀರಿ ಅವಳ ಪಟದಿಂದಾದ ಅನಾಹುತವನ್ನು ಬರೆದ. ಇಬ್ಬರ ಗ್ರಂಥಗಳಲ್ಲೂ ಅವಳು ನೋಡುವವರ ಕಣ್ಣಿಗೆ ಬಿದ್ದ ರೂಪ. ಕನ್ನಡ ನಾಡಿನ ಶಾಸನಗಳು ತೋರಿಸುವ ಅಂತಃಪುರವೇ ಬೇರೆ. ವಿಕ್ರಮಾದಿತ್ಯನ ರಾಣಿಯರಲ್ಲಿ ಹಲವರು ಅಗ್ರಹಾರ, ಪ್ರಾಂತಗಳ ಆಡಳಿತ ನಡೆಸಿದ್ದಾರೆ, ದತ್ತಿ ಬಿಟ್ಟಿದ್ದಾರೆ. ಲಕ್ಷ್ಮಾದೇವಿ 18 ಅಗ್ರಹಾರಗಳನ್ನು ಆಳುತ್ತಿದ್ದಳು. ಅಲ್ಲಿ ಅವರಿಗೆ ಕೆಲಸವಿತ್ತು, ಮುದ್ರೆಯಿತ್ತು, ಮಾತಿತ್ತು.

ಕಲ್ಯಾಣದಲ್ಲಿ ಇಂದು ವಿಕ್ರಮಾದಿತ್ಯನ ಅರಮನೆಯನ್ನು ಹುಡುಕಿದರೆ ಸಿಗುವುದಿಲ್ಲ. ಊರಿನ ಕೋಟೆಗೆ ಈಗಿನ ರೂಪ ಕೊಟ್ಟವರು ನಂತರದ ಸುಲ್ತಾನರ ಕಾಲದವರು. ಚಾಲುಕ್ಯರ ಕೆತ್ತನೆ ನೋಡಲು ಪಕ್ಕದ ನಾರಾಯಣಪುರದ ಶಿವಾಲಯಕ್ಕೆ ಹೋಗಬೇಕು. ಇಲ್ಲವೇ ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ ಹುಮನಾಬಾದಿಗೆ ಬಂದು, ಅದೇ ತಾಲ್ಲೂಕಿನ ಜಲಸಂಗಿಗೆ ತಿರುಗಬೇಕು.

ಜಲಸಂಗಿಯ ಈಶ್ವರ ದೇವಾಲಯ ವಿಕ್ರಮಾದಿತ್ಯನ ಕಾಲದ್ದು. ಅದರ ಹೊರಗೋಡೆಯ ತುಂಬ ಶಿಲಾಬಾಲಿಕೆಯರು. ಅವರಲ್ಲಿ ಒಬ್ಬಳು ಬಳುಕಿ ನಿಂತು ಫಲಕವೊಂದರ ಮೇಲೆ ಏನನ್ನೋ ಬರೆಯುತ್ತಿದ್ದಾಳೆ. ನಿಂತ ಭಂಗಿ, ಬಾಗಿದ ಕೊರಳು ನೋಡಿದವರಿಗೆ ಥಟ್ಟನೆ ಹೊಳೆಯುವುದು ಪ್ರೇಮಪತ್ರ. ಹರ್ಷನಂಥವನು ನೋಡಿದ್ದರೆ ಪತ್ರ ತನಗೇ ಎಂದು ನಿಶ್ಚಯಿಸಿಬಿಡುತ್ತಿದ್ದ.

ಆದರೆ ಹತ್ತಿರ ಹೋದರೆ ಫಲಕದಲ್ಲಿ ನಿಜವಾದ ಅಕ್ಷರಗಳಿವೆ. ಅದು ಒಂದು ಸಂಸ್ಕೃತ ಶ್ಲೋಕ. ಅದರಲ್ಲಿ ವಿರಹವಿಲ್ಲ, ಬೆಳದಿಂಗಳಿಲ್ಲ. ಏಳು ದ್ವೀಪಗಳನ್ನೊಳಗೊಂಡ ಈ ಭೂಮಿಯನ್ನು ಚಾಲುಕ್ಯ ವಿಕ್ರಮಾದಿತ್ಯ ತನ್ನದಾಗಿ ಮಾಡಿಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ. ಆಕೆ ಬರೆಯುತ್ತಿರುವುದು ರಾಜ್ಯದ ಘೋಷಣೆ.

ದೂರದಿಂದ ಭಂಗಿಯನ್ನಷ್ಟೇ ನೋಡಿ ಮನಸ್ಸಿನಲ್ಲೇ ಪತ್ರ ಓದಿಕೊಳ್ಳುವುದು ಸುಲಭ. ಕಾಶ್ಮೀರದಲ್ಲಿ ಹರ್ಷ ಮಾಡಿದ್ದು ಅದನ್ನೇ. ಜಲಸಂಗಿಯಲ್ಲಿ ನಾಲ್ಕು ಹೆಜ್ಜೆ ಮುಂದಿಟ್ಟರೆ ಸಾಕು, ಅವಳೇ ಬರೆದದ್ದನ್ನು ಓದಬಹುದು.